ಅನುಬಂಧ ಮೂರು

ಒಂದೇ ಗ್ರಂಥಾಲಯ ಅಂದುಕೊಂಡು ಬರುತ್ತಾರೆ.
ಒಂದಲ್ಲ, ಏಳು. ಗೊಂಚಲು ಮಾತ್ರ ಒಂದು.
ದೊಡ್ಡದು ಇಲ್ಲಿ, ಹಾಸನದ ಅಂಚಿನಲ್ಲಿ, ನೀಲಗಿರಿ ಮರಗಳ ಹಿಂದೆ;
ಕಾನೂನು ಊರೊಳಗೆ, ಕೋರ್ಟಿಗೆ ಕೂಗಳತೆಯಲ್ಲಿ;
ಎಂಜಿನಿಯರಿಂಗಿನದು, ಸದಾ ಗದ್ದಲ;
ಕೃಷಿಯದು ಹೊಲದ ಬದಿಗೆ, ಓದುವ ಮೇಜಿನ ಮೇಲೆ ಕೆಮ್ಮಣ್ಣು;
ಪಶುವೈದ್ಯದ್ದು ಕೊನೆಗೆ, ಅಲ್ಲಿ ಓದುತ್ತ ಕೂತರೆ
ಕಿಟಕಿಯಾಚೆ ಎಮ್ಮೆಯೊಂದು ಕೆಮ್ಮುತ್ತದೆ.
ಉಳಿದೆರಡಕ್ಕೆ ಇನ್ನೂ ಸ್ವಂತ ಸೂರಿಲ್ಲ.

ಇವಕ್ಕೆಲ್ಲ ನಂಟು ಮೊಗಣ್ಣನ ವ್ಯಾನು.
ಹತ್ತಕ್ಕೆ ಹೊರಟು, ಡೈರಿ ಸರ್ಕಲ್ಲಿನಲ್ಲಿ ಕಾಫಿಗೆ ನಿಂತು,
ಹಿಂದಿನ ಸೀಟಿನಲ್ಲಿ ಸೇತುವೆಯ ಭಾರದ ಲೆಕ್ಕ,
ಅದಕ್ಕೊರಗಿ ಆಲೂಗಡ್ಡೆಯ ಅಂಗಮಾರಿ,
ಕಾಲಡಿಯಲ್ಲಿ ಹಳಗನ್ನಡ ವ್ಯಾಕರಣ.

ನನ್ನದು ಅಂಕಿ ಹಚ್ಚುವ ಕೆಲಸ. ಮೂವತ್ತೊಂದು ವರ್ಷ.
ನೂರರ ಮನೆಯಲ್ಲಿ ಮನಸ್ಸು, ಇನ್ನೂರರಲ್ಲಿ ದೇವರು,
ಐನೂರರಲ್ಲಿ ಮಳೆ, ಆರುನೂರರಲ್ಲಿ ಅದೇ ಮಳೆಗೆ ಛತ್ರಿ,
ಎಂಟುನೂರರಲ್ಲಿ ಕವಿಗಳು, ಅವರಿಗೆ ಧೂಳು ಬೇಗ ಹಿಡಿಯುತ್ತದೆ.
ತಾಳೆಗರಿಗಳು ಮಾತ್ರ ಅಂಕಿಗೆ ಒಗ್ಗಲಿಲ್ಲ;
ಕಬ್ಬಿಣದ ಬೀರುವಿನಲ್ಲಿ ಕೆಂಪು ಬಟ್ಟೆ ಹೊದ್ದು ಮಲಗಿ
ವರ್ಷಕ್ಕೊಮ್ಮೆ ಮಜ್ಜಿಗೆಹುಲ್ಲಿನ ಎಣ್ಣೆ ಕುಡಿಯುತ್ತವೆ.

ತಪ್ಪು ಸಾಲಿನಲ್ಲಿಟ್ಟ ಪುಸ್ತಕ ಸತ್ತ ಪುಸ್ತಕ,
ಹೊಸ ಹುಡುಗರಿಗೆ ನಾನು ಮೊದಲು ಹೇಳುವ ಮಾತು.
ಕದ್ದದ್ದಾದರೂ ಎಲ್ಲೋ ಓದಿಸಿಕೊಳ್ಳುತ್ತದೆ.

ಹೋದ ಆಷಾಢದಲ್ಲಿ ನಂಜಮಣಿ ಎಂಬವಳು ಬಂದಳು.
ಮಂಡಿಯಲ್ಲಿ ಆಲೂಗಡ್ಡೆ ತೂಗುವವಳು, ಸೆರಗಿಗೆ ಗೋಣಿನಾರು.
"ನಮ್ಮಜ್ಜಿ ಇಲ್ಲವ್ಳಂತೆ," ಅಂದಳು.
ಇದ್ದಾಳೆಂದೋ ಇಲ್ಲವೆಂದೋ ತಿಳಿಯದೆ ತಲೆಯೆತ್ತಿದೆ.

ಯಾರೋ ದನದ ಡಾಕ್ಟರು, ಇನ್ನೂ ಓದುವಾಗ, ಊರಿಗೆ ಬಂದು
ಕಾಲುಬಾಯಿ ಜ್ವರಕ್ಕೆ, ಕಂದು ಹಾಕುವ ಹಸುವಿಗೆ, ಹೊಟ್ಟೆಯುಬ್ಬರಕ್ಕೆ
ಅಜ್ಜಿ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋದರಂತೆ.
"ಒಂದು ಫೋಟೋನೂ ಇಲ್ಲ ಸಾರ್ ನಮ್ತಾವ."

ಕಂಪ್ಯೂಟರಿಗೆ ಕೇಳಿದೆ: ಚನ್ನಾಜಮ್ಮ.
ದಾಖಲೆಗಳು: ಸೊನ್ನೆ.
ಲೇಖಕರಲ್ಲಿಲ್ಲ. ಶೀರ್ಷಿಕೆಯಲ್ಲಿಲ್ಲ. ವಿಷಯದಲ್ಲಿ ಹೇಗಿದ್ದಾಳು?
ಹೆಸರಿನಿಂದ ಸಿಗದವಳು ರೋಗದಿಂದ ಸಿಕ್ಕಳು:
ಹೊಟ್ಟೆಯುಬ್ಬರ, ನಾಟಿ ಮದ್ದು, ಪ್ರಬಂಧ, ಪಶುವೈದ್ಯ ಶಾಖೆ.
ನಾಳೆ ಬಾ ಅಂದೆ. ಮೊಗಣ್ಣ ತಂದ.

ಆರುನೂರ ಮೂವತ್ತಾರು, ಚುಕ್ಕಿ, ಎರಡು, ಸೊನ್ನೆ, ಎಂಟು, ಒಂಬತ್ತು.
ನಾನೇ ಹಚ್ಚಿದ ಚೀಟಿ. ಕಪ್ಪು ರಟ್ಟು, ಚಿನ್ನದಕ್ಷರ.
ಬರೆದವರು, ಬರೆಸಿದವರು, ಪರೀಕ್ಷೆ ಮಾಡಿದವರು;
ಓದಿದವರೂ ಬಹುಶಃ ಅವರಷ್ಟೇ. ತೆರೆದರೆ ಲಟಲಟ ಅಂದಿತು.

ಪುಟ ನೂರ ಎಂಬತ್ತೆಂಟು. ಅನುಬಂಧ ಮೂರು. ಮಾಹಿತಿದಾರರು.
ಕ್ರಮಸಂಖ್ಯೆ ಇಪ್ಪತ್ತೇಳು. ಚನ್ನಾಜಮ್ಮ. ಹೆಣ್ಣು.
ಸುಮಾರು ಎಪ್ಪತ್ತು. ಅನಕ್ಷರಸ್ಥೆ.

ತಕ್ಕಡಿಯ ಮುಳ್ಳು ನೋಡುವವಳ ಹಾಗೆ
ಒಂದು ಕಣ್ಣು ಕಿರಿದು ಮಾಡಿ, ಬೆರಳಿಟ್ಟು ಓದಿದಳು.
"ಎಪ್ಪತ್ತಲ್ಲ, ಅರವತ್ತೆರಡು. ಹಲ್ಲಿರ್ನಿಲ್ಲ, ಅದ್ಕೆ ಹಂಗೆ ಕಂಡೈತೆ."
ಮತ್ತೆ ಹಿಂದಿನ ಪುಟಗಳಿಗೆ ಹೋಗಿ, ಉಬ್ಬರದ ಮದ್ದಿನ ಹತ್ತಿರ
ತುಂಬ ಹೊತ್ತು ನಿಂತು,
"ಇದ್ರಲ್ಲಿ ಓಂಕಾಳು ಬಿಟ್ಟವ್ರೆ," ಅಂದಳು.

ಪ್ರಬಂಧ ತಿದ್ದುವ ಹಕ್ಕು ನನಗಿಲ್ಲ. ಹೊರಗೆ ಕೊಡುವ ಹಕ್ಕೂ.
ಅವಳು ಕೇಳಲೂ ಇಲ್ಲ. ಮಧ್ಯಾಹ್ನದ ಲೋಡು ಬರುತ್ತದೆಂದು ಎದ್ದಳು.

ಸಂಜೆ ದೀಪ ಆರಿಸುವ ಮುಂಚೆ
ಹಳೆಯ ಸೂಚಿ ಪೆಟ್ಟಿಗೆಯ 'ಚ' ಡ್ರಾಯರು ಎಳೆದೆ.
ಈಗ ಅದರಲ್ಲಿ ಮೊಗಣ್ಣನ ಎಲೆಅಡಿಕೆ.
ಖಾಲಿ ಕಾರ್ಡೊಂದು ಹುಡುಕಿ, ಲೇಖಕರ ಜಾಗದಲ್ಲಿ
ಚನ್ನಾಜಮ್ಮ ಎಂದು ಬರೆದು, ಅಲ್ಪವಿರಾಮ ಹಾಕಿ,
ಹೇಳಿದವಳು, ಎಂದೆ.
ಕೆಳಗೆ ಅಂಕಿ. ಅದರ ಕೆಳಗೆ, ಪೆನ್ಸಿಲ್ಲಿನಲ್ಲಿ: ಓಂಕಾಳು.

ಹಿಡಿಯೋ ಚಿಟಿಕೆಯೋ,
ಕೇಳಿಕೊಳ್ಳುವುದು ಮರೆತಿದ್ದೆ.